ಒಂಬತ್ತನೆಯ ದಿನ ಬರಬಾರದಿತ್ತು

ಕೆಂಗೇರಿ ದಾಟಿದ ಮೇಲೆ ನಾವಿಬ್ಬರೂ ಮಾತು ನಿಲ್ಲಿಸಿದ್ದೆವು. ಬಾಯಿ ತೆರೆದರೆ ಲಾರಿಗಳ ಹೊಗೆ ಒಳಗೆ ಹೋಗುತ್ತಿತ್ತು. ಒಡೆದ ತುಟಿ ಅಲುಗಿದರೆ ಉರಿಯುತ್ತಿತ್ತು. ನನ್ನ ಎಡಗೈಯ ಕಿರುಬೆರಳೂ ಅದರ ಪಕ್ಕದ ಬೆರಳೂ ಮಡಿಕೇರಿಯಿಂದ ಇಳಿಯುವಾಗಲೇ ಜೋಮು ಹಿಡಿದು, ಯಾರವೋ ಬೆರಳುಗಳನ್ನು ಹ್ಯಾಂಡಲಿಗೆ ಕಟ್ಟಿಕೊಂಡ ಹಾಗಿದ್ದವು. ಸೀಟಿನ ಮೇಲೆ ಕೂರಲಾಗದೆ ನಿಂತು ತುಳಿಯುವುದು, ನಿಂತು ತುಳಿಯಲಾಗದೆ ಮತ್ತೆ ಕೂರುವುದು. ಮುಂದೆ ಹೋಗುತ್ತಿದ್ದ ಗೆಳೆಯನ ಬೆನ್ನು ಮಾತ್ರ ಕಾಣುತ್ತಿತ್ತು. ಬೆವರು ಒಣಗಿ ಅವನ ನೀಲಿ ಅಂಗಿಯ ಮೇಲೆ ಉಪ್ಪಿನ ಗೆರೆಗಳು ಮೂಡಿದ್ದವು.

ಅಂಗಿಯ ಬಣ್ಣವನ್ನು ನಾನು ಪೂರ್ತಿ ನಂಬುವುದಿಲ್ಲ. ಚಿಕ್ಕಂದಿನಿಂದ ಡೈರಿ ಬರೆಯುವ ಅಭ್ಯಾಸವಿದ್ದರೂ ಆ ದಿನ ನಾನು ಬರೆದಿರುವುದು ಎರಡೇ ಸಾಲು: ಬಿಡದಿಯ ಹತ್ತಿರ ಟ್ಯೂಬು ಒಡೆದದ್ದು, ಮದ್ದೂರಿನಲ್ಲಿ ವಡೆ ತಿಂದದ್ದು. ಇತಿಹಾಸದಲ್ಲಿ ಎಂ.ಎ. ಮಾಡಿ, ಆಧಾರ ಯಾವುದು ಊಹೆ ಯಾವುದು ಎಂದು ಕಾಲೇಜು ಹುಡುಗರಿಗೆ ಪಾಠ ಹೇಳುವ ನಾನು, ನನ್ನ ಬದುಕಿನ ಆ ದಿನಕ್ಕೆ ಒಂದು ವಡೆಯನ್ನು ಆಧಾರವಾಗಿ ಉಳಿಸಿಕೊಂಡಿದ್ದೇನೆ. ಮಿಕ್ಕದ್ದನ್ನೆಲ್ಲ ನೆನಪಿನಿಂದ ಬರೆಯಬೇಕು. ಎಷ್ಟೋ ಸಲ ತಿರುವಿ ಹಾಕಿರುವ ನೆನಪು ಅದು. ಎಲ್ಲಿ ಸವೆದಿದೆ, ಎಲ್ಲಿ ನಾನೇ ತೇಪೆ ಹಾಕಿದ್ದೇನೆ, ಈಗ ಹೇಳಲಾರೆ.

ತೊಂಬತ್ತರ ದಶಕದ ಕೊನೆ. ನಮಗಿಬ್ಬರಿಗೂ ಇಪ್ಪತ್ತೇಳೋ ಇಪ್ಪತ್ತೆಂಟೋ. ಹೈಸ್ಕೂಲಿನಿಂದ ಒಟ್ಟಿಗೆ ಓದಿದವರು. ಅವನ ಮನೆ ಬಸವನಗುಡಿ, ನಮ್ಮದು ಚಾಮರಾಜಪೇಟೆ. ಅವನ ತಂದೆ ಆಡಿಟರು. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಒಬ್ಬನೇ ಮಗ ಸಿ.ಎ. ಮುಗಿಸಿ ಆ ಕೋಣೆಯಲ್ಲಿ ಅವರ ಎದುರಿನ ಮೇಜಿಗೆ ಕೂರುತ್ತಾನೆ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಚರ್ಚಿಸಿದ್ದೇ ಇಲ್ಲ. ಚರ್ಚಿಸುವಂಥದ್ದು ಅದರಲ್ಲಿ ಏನೂ ಇದ್ದಂತೆ ಅವರಿಗೆ ಕಂಡಿರಲಿಲ್ಲ. ಅವನು ಮಾತ್ರ ಫೈನಲ್ ಪರೀಕ್ಷೆಗೆ ಕೂತು ಕೂತು ಫೇಲಾಗುತ್ತಿದ್ದ. ಮೇ ತಿಂಗಳಲ್ಲೊಂದು ಸಲ, ನವೆಂಬರಿನಲ್ಲೊಂದು ಸಲ.

ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಫಲಿತಾಂಶ ಬಂದ ದಿನ ತಂದೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತ, "ಇನ್ನೊಂದ್ ಸಲ ಬರೀಬಹುದು, ಅದಕ್ಕೇನಂತೆ" ಎನ್ನುತ್ತಿದ್ದರು. ತಾಯಿ ಕಾರಣ ಹುಡುಕುತ್ತಿದ್ದರು. ಒಂದು ಸಲ ಹೊರಡುವಾಗ ಪಕ್ಕದ ಮನೆಯವರು ಸೀನಿದ್ದರು. ಇನ್ನೊಂದು ಸಲ ಹಾಲ್ ಟಿಕೆಟ್ ಕೈಗೆ ಬಂದದ್ದು ಅಮಾವಾಸ್ಯೆಯ ದಿನ. ಹೀಗೆ ಪ್ರತಿ ಫಲಿತಾಂಶಕ್ಕೂ ಮನೆಯಲ್ಲಿ ಒಂದು ಹೊಸ ನಿಯಮ ಸೇರಿಕೊಳ್ಳುತ್ತಿತ್ತು.

ಆ ವರ್ಷ ಜನವರಿಯಲ್ಲಿ ಮತ್ತೆ ಫೇಲಾದ ಮೇಲೆ ಅವನು ತನ್ನ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಸ್ನಾನಕ್ಕೆ, ಊಟಕ್ಕೆ ಬರುತ್ತಿದ್ದನಂತೆ. ಅವನ ತಾಯಿ ನಮ್ಮ ಮನೆಗೆ ಬಂದು, ನಮ್ಮಮ್ಮ ಕೊಟ್ಟ ಕಾಫಿಯನ್ನು ಮುಟ್ಟದೆ ಕೂತು, "ನೀನು ಕರೆದ್ರೆ ಬರ್ತಾನೆ ಕಣೋ. ಎಲ್ಲಾದ್ರೂ ಕರ್ಕೊಂಡ್ ಹೋಗು. ನಾಕ್ ದಿನ ಆ ಗೋಡೆ ಬಿಟ್ಟು ಬೇರೆ ಏನಾದ್ರೂ ನೋಡ್ಲಿ" ಎಂದರು.

ಸೈಕಲ್ಲಿನಲ್ಲಿ ಹೋಗುವ ಯೋಚನೆ ನನ್ನದೆಂದು ನಾನು ಹೇಳಿಕೊಂಡು ಬಂದಿದ್ದೇನೆ. ಹಾಸನದ ಮೇಲೆ ಮಂಗಳೂರಿಗೆ ಹೋಗಿ, ಸಮುದ್ರದಲ್ಲಿ ಕಾಲು ಅದ್ದಿ, ಮಡಿಕೇರಿ, ಮೈಸೂರಿನ ಮೇಲೆ ವಾಪಸು. ಗೇರು ಇಲ್ಲದ ಎರಡು ಕರಿ ಸೈಕಲ್ಲುಗಳು. ಮೈಸೂರಿನಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಒಂದು ದಿನ ಪೂರ್ತಿ ಸುಧಾರಿಸಿಕೊಂಡು ಹತ್ತನೆಯ ದಿನ ಮನೆ ಸೇರುವುದೆಂದು ಅವನ ತಾಯಿ ಗೊತ್ತು ಮಾಡಿದ್ದರು. ಯಾಕೆ ಹತ್ತು ಎಂದು ನಾವು ಕೇಳಲಿಲ್ಲ. ಅವರು ಹೇಳಿಯೇ ಇದ್ದರೇನೋ, ನಾವು ಆಗ ಸೈಕಲ್ಲಿನ ಹಿಂದೆ ಚೀಲ ಕಟ್ಟುತ್ತಿದ್ದೆವು.

ದಾರಿಯಲ್ಲಿ ಅವನಿಗೆ ಹಸಿವಾಯಿತು, ನಿದ್ದೆ ಬಂತು. ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ಮುಕ್ಕಾಲು ಪಾಲು ಸೈಕಲ್ಲುಗಳನ್ನು ತಳ್ಳಿಕೊಂಡೇ ಹೋದೆವು. ಒಂದು ತಿರುವಿನಲ್ಲಿ ಅವನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು, ವಾಂತಿ ಮಾಡಿ, ಬಾಯಿ ಒರೆಸಿಕೊಂಡು ನಕ್ಕ. ತಿಂಗಳುಗಳ ನಂತರ ಅವನು ನಕ್ಕದ್ದನ್ನು ನೋಡಿ ನಾನು, ಹುಡುಗ ಸರಿಹೋಗುತ್ತಿದ್ದಾನೆ ಎಂದುಕೊಂಡೆ. ದಣಿವನ್ನು ನಾನು ಆರೋಗ್ಯವೆಂದು ಓದಿಕೊಂಡಿರಬಹುದು. ಬರೀ ಮೈಯಾಗಿರುವ ಮನುಷ್ಯನಿಗೆ ಕೆಲವು ದಿನ ಮನಸ್ಸಿನ ತಂಟೆ ಇರುವುದಿಲ್ಲ, ಅಷ್ಟೆ.

ಮೈಸೂರಿನಲ್ಲಿ ಬೆಳಿಗ್ಗೆ ಎದ್ದಾಗ ಅವನು ಆಗಲೇ ಚೀಲ ಕಟ್ಟಿ ಕೂತಿದ್ದ.

"ಏಳೋ. ಇವತ್ತೇ ಹೋಗ್ಬಿಡೋಣ."

"ಗುರು, ನನ್ ತೊಡೆ ನೋಡಿಲ್ಲಿ. ಇದನ್ನ ತೊಡೆ ಅಂತಾರಾ? ಚರ್ಮವೇ ಇಲ್ಲ. ನಾಳೆ ಹೋಗೋಣ."

"ನಾಳೆಗಾಗಲ್ಲ ಮಗಾ. ಇವತ್ತು ಹೋದ್ರೆ ಅಪ್ಪಂಗೆ ಹೇಳ್ಬಿಡ್ತೀನಿ."

"ಏನಂತ?"

"ಇನ್ನು ಬರೆಯಲ್ಲ ಅಂತ. ಮುಗೀತು ಅಂತ."

"ಬರೀದೆ ಏನ್ ಮಾಡ್ತೀಯ?"

"ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಒಂಥರಾ ಚೆನ್ನಾಗಿದೆ ಕಣೋ."

ಬರುತ್ತಿದ್ದೇವೆಂದು ಮನೆಗೆ ಒಂದು ಫೋನ್ ಮಾಡು ಎಂದೆ. ಅವನು ತಲೆ ಅಲ್ಲಾಡಿಸಿದ. ಫೋನಿನಲ್ಲಿ ಅಪ್ಪನ ದನಿ ಕೇಳಿದರೆ ತಾನು ಸೈಕಲ್ಲು ಹತ್ತುವುದಿಲ್ಲ ಎಂದ. ಅತ್ತೆ ಕೊಟ್ಟ ಅವಲಕ್ಕಿಯನ್ನು ನಿಂತೇ ತಿಂದು ಹೊರಟೆವು. ನಿಲ್ಲಲು ಕಾರಣ ಅವಸರವೊಂದೇ ಅಲ್ಲ, ಕೂರಲು ನಮ್ಮಿಬ್ಬರಿಗೂ ಸಾಧ್ಯವಿರಲಿಲ್ಲ.

ಮದ್ದೂರು ದಾಟಿ ಒಂದು ಹುಣಸೆಮರದ ನೆರಳಲ್ಲಿ ಸೈಕಲ್ಲು ಒರಗಿಸಿ ಅವನು ಮಾತಿನ ತಾಲೀಮು ಮಾಡಿದ. ನಾನು ಅಪ್ಪ.

"ಅಪ್ಪಾ, ನಿಮಗೆ ಬೇಜಾರಾಗಬಹುದು..."

"ಬೇಜಾರು ಅನ್ಬೇಡ. ನೀನೇ ನೆನಪು ಮಾಡಿದ್ರೆ ನಿಜವಾಗ್ಲೂ ಬೇಜಾರ್ ಮಾಡ್ಕೋತಾರೆ."

"ಅಪ್ಪಾ, ನಾನು ಇನ್ಮೇಲೆ ಪರೀಕ್ಷೆ ಬರೆಯಲ್ಲ."

"ಯಾಕಪ್ಪಾ?"

"ನನಗಾಗಲ್ಲ."

"ಇನ್ನೊಂದ್ ಸಲ ಬರೀಬಹುದು, ಅದಕ್ಕೇನಂತೆ" ಎಂದು ನಾನು ಕನ್ನಡಕ ಒರೆಸುವ ಅಭಿನಯ ಮಾಡಿದೆ. ಅವನಿಗೆ ನಗು ತಡೆಯಲಿಲ್ಲ. ನಗುತ್ತಲೇ, "ಆಗಲ್ಲ ಅಂದ್ನಲ್ಲಪ್ಪ" ಎಂದ. ಎರಡನೆಯ ಸಲ ಹೇಳುವಾಗ ನಗು ನಿಂತಿತ್ತು. ಮೂರನೆಯ ಸಲ ಅವನ ದನಿ ಗಟ್ಟಿಯಾಗಿತ್ತು. ಆ ಮೂರನೆಯ ಸಲದ ದನಿಯನ್ನು ನಾನು ಕೇಳಿದ್ದೇನೆ. ಈ ಬರಹದಲ್ಲಿ ನಾನು ಪ್ರಮಾಣ ಮಾಡಿ ಹೇಳಬಹುದಾದದ್ದು ಏನಾದರೂ ಇದ್ದರೆ ಅದು ಇದೊಂದೇ.

ಬೆಂಗಳೂರಿನ ಒಳಗೆ ಬಂದಾಗ ದೀಪ ಹಚ್ಚುವ ಹೊತ್ತು. ಸಿರ್ಸಿ ಸರ್ಕಲ್ ದಾಟಿ ಚಾಮರಾಜಪೇಟೆಗೆ ಬಂದೆವು. ನಮ್ಮ ಮನೆಯ ರಸ್ತೆ ಪಕ್ಕದಲ್ಲೇ ಉಳಿಯಿತು. ಅವನನ್ನು ಬಾಗಿಲವರೆಗೆ ಮುಟ್ಟಿಸದೆ ನಾನು ಮನೆಗೆ ಹೋಗುವಂತಿರಲಿಲ್ಲ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಇಬ್ಬರೂ ಇಳಿದು ತಳ್ಳಿದೆವು. ದಿನವೂ ಕಾಲೇಜಿಗೆ ಹಾಡು ಹೇಳಿಕೊಂಡು ಹತ್ತುತ್ತಿದ್ದ ಏರು ಅದು. ಅವನು ಏದುಸಿರಿನ ನಡುವೆ ತುಟಿ ಅಲ್ಲಾಡಿಸುತ್ತಲೇ ಇದ್ದ.

ಗೇಟಿನ ಸದ್ದು ಕೇಳಿ ಅವನ ತಾಯಿ ಓಡಿಬಂದರು. "ಅಯ್ಯೋ, ಬಂದ್ಬಿಟ್ರಾ! ಏನೋ ಇದು ಮುಖ, ಸುಟ್ಟ ಬದನೇಕಾಯಿ ಆಗಿದೆಯಲ್ಲೋ!" ಎಂದು ನಗುತ್ತ ಬಂದವರು ಗೇಟಿನ ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತರು. "ಇವತ್ತು ಶುಕ್ರವಾರ ಅಲ್ವಾ?"

"ಹೂಂ ಅಮ್ಮ, ತೆಗಿ."

ಅವರು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸಿದರು. "ಗುರುವಾರ ಹೊರಟ್ರಿ. ಗುರು, ಶುಕ್ರ, ಶನಿ..." ಎಣಿಕೆ ಮುಗಿದಾಗ ಅವರ ಮುಖ ಬಾಡಿತ್ತು. "ಒಂಬತ್ತನೇ ದಿನ ಕಣೋ ಇವತ್ತು. ನಾಳೆ ಬನ್ನಿ ಅಂದಿದ್ನಲ್ಲೋ. ಒಳಗೆ ಬರಬೇಡ."

ಊರಿಗೆ ಹೋದವರು ಹೊರಟ ದಿನದಿಂದ ಒಂಬತ್ತನೆಯ ದಿನ ಮನೆ ಸೇರಬಾರದು. ನಮ್ಮಂಥ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಎಂಟಕ್ಕೆ ಬರಬಹುದು, ಹತ್ತಕ್ಕೆ ಬರಬಹುದು, ಒಂಬತ್ತಕ್ಕೆ ಬಂದರೆ ಹಿಡಿದ ಕೆಲಸ ಕೆಡುತ್ತದೆ. ನಮ್ಮ ಮನೆಯಲ್ಲೂ ರೈಲು ಟಿಕೆಟ್ ಮಾಡಿಸುವ ಮೊದಲು ಎಣಿಸುತ್ತಿದ್ದರು. ಮೈಸೂರಿನಲ್ಲಿ ನಿಲ್ಲಬೇಕಾಗಿದ್ದ ದಿನವನ್ನು ಬಿಟ್ಟು ಬಂದಾಗ ನಾವು ಸರಿಯಾಗಿ ಆ ದಿನದ ಮೇಲೆ ಬಂದು ಬಿದ್ದಿದ್ದೆವು.

"ಅಮ್ಮಾ, ಹೊರಟ ದಿನ ಲೆಕ್ಕಕ್ಕಿಲ್ಲಮ್ಮ. ಇವತ್ತು ಎಂಟು" ಎಂದ ಅವನು.

"ಹೊರಟ ದಿನವೇ ಮೊದಲನೇ ದಿನ. ಯಾರನ್ನ ಬೇಕಾದ್ರೂ ಕೇಳು."

ಅಷ್ಟರಲ್ಲಿ ತಂದೆ ಆಫೀಸಿನ ಕೋಣೆಯಿಂದ ಹೊರಗೆ ಬಂದಿದ್ದರು. "ಓಹೋ, ಸರ್ಕಸ್ ಕಂಪನಿ ಬಂತು!" ಎಂದವರು, ವಿಷಯ ಕೇಳಿ, ನಕ್ಕು, "ಲೆಕ್ಕ ನಿಮ್ಮಮ್ಮಂದೇ ಸರಿ ಕಣಯ್ಯ. ಮೊದಲನೇ ದಿನ ಸೇರಿಸ್ಬೇಕು" ಎಂದು ತೀರ್ಪು ಕೊಟ್ಟರು. ಅವರಿಗೆ ಇಂಥದ್ದರಲ್ಲಿ ನಂಬಿಕೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹೆಂಡತಿಯ ಭಯವನ್ನು ಅವರು ಎದುರು ಹಾಕಿಕೊಳ್ಳುತ್ತಿರಲಿಲ್ಲ.

"ಅಪ್ಪಾ, ನಿಮ್ಹತ್ರ ಒಂದ್ ಮಾತು ಹೇಳ್ಬೇಕಿತ್ತು."

ತಂದೆ ಗೇಟಿನ ಹತ್ತಿರ ಬಂದರು. "ಹೇಳು."

ಅವನು ಸೈಕಲ್ಲಿನ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನು ಬಾಯಿ ತೆರೆದ. ಆಗ ಅವನ ತಾಯಿ, "ರಸ್ತೆಲಿ ನಿಂತ್ಕೊಂಡು ಏನ್ರೀ ಮಾತು? ಅದೂ ಈ ಹೊತ್ತಲ್ಲಿ, ಇಂಥಾ ದಿನ! ಮೇ ತಿಂಗಳಲ್ಲಿ ಪರೀಕ್ಷೆ ಇದೆ. ಈ ಸಲವಾದ್ರೂ ಏನೂ ಅಡ್ಡ ಬರೋದು ಬೇಡ" ಎಂದರು. ಎನ್ನುವಾಗ ಅವರ ಕಣ್ಣು ತುಂಬಿತ್ತು. ಗೇಟಿನ ಮೇಲಿಂದ ಕೈಚಾಚಿ ಸೆರಗಿನಿಂದ ಮಗನ ಮುಖದ ಧೂಳು ಒರೆಸಿದರು.

ತಂದೆ ಅವನ ಭುಜ ತಟ್ಟಿದರು. "ನಾಳೆ ಒಳಗೆ ಬಂದ್ಮೇಲೆ ಕೂತ್ಕೊಂಡು ಮಾತಾಡೋಣ. ಮಾತು ಎಲ್ಲಿಗ್ ಓಡಿಹೋಗತ್ತೆ?"

ಮೊಸರನ್ನ ತುಂಬಿದ ಡಬ್ಬಿ ಗೇಟಿನ ಮೇಲಿಂದ ನನ್ನ ಕೈಗೆ ಬಂತು. ನಮ್ಮ ಮನೆಗೆ ಹೋಗೋಣ ಎಂದೆ. "ನಿಮ್ಮಮ್ಮನೂ ಎಣಿಸ್ತಾರೆ ಕಣೋ. ಎಣಿಸ್ದೆ ಇದ್ರೂ ಹೇಗಿತ್ತು, ಏನಾಯ್ತು ಅಂತ ಕೇಳ್ತಾರೆ. ನನಗೆ ಯಾರ ಹತ್ರಾನೂ ಬೇರೆ ಮಾತು ಬೇಡ" ಎಂದ. ಹಾಗೆ ಬಂದ ದಾರಿಯಲ್ಲೇ ಇಳಿಜಾರು ಇಳಿದು ಕಾಟನ್‌ಪೇಟೆಯ ಒಂದು ಲಾಡ್ಜಿಗೆ ಹೋದೆವು.

"ಯಾವೂರು?" ಎಂದ ಕೌಂಟರಿನಲ್ಲಿದ್ದವನು.

"ಬಸವನಗುಡಿ."

ಅವನು ನಮ್ಮನ್ನೂ ಹೊರಗೆ ಒರಗಿಸಿದ್ದ ಸೈಕಲ್ಲುಗಳನ್ನೂ ನೋಡಿದ. "ಬಸವನಗುಡಿಯವ್ರು ಇಲ್ಲೇನ್ ಸ್ವಾಮಿ ಮಾಡ್ತೀರಾ? ಮನೇಲಿ ಹೊರಗೆ ಹಾಕಿದ್ರಾ?"

"ಒಂದ್ ದಿನದ ಮಟ್ಟಿಗೆ" ಎಂದ ನನ್ನ ಗೆಳೆಯ.

ಹೇಳಿ ನಗಬೇಕಾದ ಮಾತು. ಆ ಕ್ಷಣ ಇಬ್ಬರಿಗೂ ನಗು ಬರಲಿಲ್ಲ. ಕೋಣೆಯಲ್ಲಿ ಅವನು ಶೂ ಬಿಚ್ಚದೆ ಮಂಚದ ಮೇಲೆ ಬಿದ್ದುಕೊಂಡ. ಮೊಸರನ್ನ ಬೇಡವೆಂದ. ಸ್ವಲ್ಪ ಹೊತ್ತಿನ ಮೇಲೆ ಫ್ಯಾನು ನೋಡುತ್ತ, "ಅಪ್ಪಾ, ನಾನು ಇನ್ಮೇಲೆ ಪರೀಕ್ಷೆ ಬರೆಯಲ್ಲ" ಎಂದು ಒಂದು ಸಲ ಹೇಳಿಕೊಂಡ.

"ಮಾತು ಸರಿಯಾಗಿ ಬರ್ತಿಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದ.

ಬರುತ್ತಿದೆ, ಹೀಗೇ ಹೇಳು ಎಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಬೆಳಿಗ್ಗೆ ರಾಹುಕಾಲಕ್ಕೆ ಮೊದಲೇ ಹೋದೆವು. ತಾಯಿ ಕೆಂಪು ನೀರಿನ ಆರತಿ ಎತ್ತಿ ಇಬ್ಬರಿಗೂ ಹಣೆಗಿಟ್ಟು ಒಳಗೆ ಕರೆದರು. ಕಾಯಿಹಾಲು ಹಾಕಿದ ಪಾಯಸದ ವಾಸನೆ ಮನೆಯೆಲ್ಲ ಇತ್ತು. ಆಫೀಸಿನ ಕೋಣೆಯಲ್ಲಿ ಕಕ್ಷಿದಾರರು ಇಬ್ಬರು ಕೂತಿದ್ದರು. ತಂದೆ ಅವರೆದುರಿಗೇ ಎದ್ದು ಬಂದು ಮಗನ ಹೆಗಲ ಮೇಲೆ ಕೈ ಹಾಕಿ, "ನೋಡಿ, ಇವನೇ. ಮಂಗಳೂರಿಗೆ ಸೈಕಲ್ ತುಳ್ಕೊಂಡ್ ಹೋಗಿ ಬಂದಿದಾನೆ" ಎಂದರು. ಆಮೇಲೆ ನಮ್ಮನ್ನು ಒಳಗಿನ ಹಜಾರಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು. ಅವರು ಕನ್ನಡಕ ತೆಗೆದರು. ಈ ಸಲ ಒರೆಸಿದ್ದು ಕಣ್ಣನ್ನು.

"ನಿನ್ ಹತ್ರ ಹೇಳಿರ್ಲಿಲ್ಲ. ನೀನು ಕೈಬಿಟ್ಟುಬಿಡ್ತೀಯೇನೋ ಅಂತ ನನಗೆ ತುಂಬಾ ಹೆದರಿಕೆ ಆಗಿತ್ತು ಕಣಯ್ಯ. ರಾತ್ರಿ ನಿದ್ದೆ ಇರ್ಲಿಲ್ಲ. ನೀವು ಹೊರಟಾಗ, ಹಾಸನದಿಂದ ಬಸ್ಸಲ್ಲಿ ವಾಪಸ್ ಬರ್ತಾರೆ ಅಂತ ನಿಮ್ಮಮ್ಮನ ಹತ್ರ ಅಂದಿದ್ದೆ. ನೀನು ಮುಗಿಸ್ದೆ. ಈ ಕಾಲಲ್ಲಿ ಅಷ್ಟು ದೂರ ತುಳಿದವನಿಗೆ ಒಂದು ಪರೀಕ್ಷೆ ಯಾವ ಲೆಕ್ಕ? ಇನ್ನು ನನಗೆ ಹೆದರಿಕೆ ಇಲ್ಲ."

ನಾನು ನೆಲ ನೋಡುತ್ತಿದ್ದೆ. ರೆಡ್ ಆಕ್ಸೈಡ್ ನೆಲ, ತಣ್ಣಗಿತ್ತು. ಮಡಿಕೇರಿಯ ಏರು, ವಾಂತಿ, ಚರ್ಮ ಹೋದ ತೊಡೆ, ಎಲ್ಲವೂ ನಮ್ಮ ಕಣ್ಣೆದುರಿಗೇ ಅವರ ವಾದಕ್ಕೆ ಸಾಕ್ಷಿಗಳಾಗಿ ಸಾಲಾಗಿ ನಿಂತವು. ಅರ್ಧ ದಾರಿಯಲ್ಲಿ ಬಸ್ಸು ಹತ್ತಿದ್ದರೆ, ಆಗಲಿಲ್ಲ ಎಂದು ಹೇಳುವುದಕ್ಕೆ ಒಂದು ದಾರಿ ಇರುತ್ತಿತ್ತು. ಅವನು ಮುಗಿಸಿಬಿಟ್ಟಿದ್ದ.

"ಅದೇನೋ ಹೇಳ್ಬೇಕು ಅಂದ್ಯಲ್ಲ ನಿನ್ನೆ?" ಎಂದು ತಂದೆ ನೆನಪಿಸಿದರು.

"ಏನಿಲ್ಲಪ್ಪ. ಸೈಕಲ್‌ಗೆ ಹಿಂದಿನ ಟೈರು ಹಾಕಿಸ್ಬೇಕು. ಪೂರ್ತಿ ಸವೆದುಹೋಗಿದೆ."

"ಅಷ್ಟೇ ತಾನೆ, ಹಾಕಿಸು."

ಪಾಯಸ ಬಂತು. ಅವನು ಎರಡು ಲೋಟ ಕುಡಿದ. ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ನನಗೂ ಹಸಿವಾಗಿತ್ತು, ಕುಡಿದಿರಬೇಕು.

ಹಿಂದಿನ ಸಂಜೆ ಆ ಗೇಟು ತೆರೆದಿದ್ದರೆ ಅವನು ಹೇಳುತ್ತಿದ್ದನೆ? ಹೇಳುತ್ತಿದ್ದ ಎಂದೇ ನಾನು ಎಷ್ಟೋ ವರ್ಷ ನಂಬಿದ್ದೆ. ಆ ಹುಣಸೆಮರದ ಕೆಳಗಿನ ದನಿ ಇನ್ನೂ ಬಿಸಿಯಾಗಿದ್ದ ಹೊತ್ತು ಅದು. ದೇಹ ದಣಿದು ನಾಚಿಕೆ, ಹೆದರಿಕೆ ಎರಡೂ ಸತ್ತಿದ್ದವು. ಈಗ ಅನುಮಾನ ಬರುತ್ತದೆ. ಒಳಗೆ ಹೋಗಿದ್ದರೂ ಅದೇ ಆರತಿ, ಅದೇ ಕನ್ನಡಕ, ಅದೇ ಮಾತು. ಅಮ್ಮನ ಎಣಿಕೆ ಅವನಿಗೆ ಬೇಕಾಗಿದ್ದ ನೆಪವನ್ನು ಒದಗಿಸಿತೆಂದೂ ವಾದಿಸಬಹುದು. ವಾದಿಸಬಲ್ಲೆ, ಆದರೆ ಮೂರನೆಯ ಸಲದ ಆ ದನಿ ಅಡ್ಡ ಬರುತ್ತದೆ.

ಮೇ ತಿಂಗಳಲ್ಲಿ ಬರೆದ. ಫೇಲಾದ. ನವೆಂಬರಿನಲ್ಲಿ ಬರೆದ. ಆಮೇಲಾಮೇಲೆ ನಾನು ಫಲಿತಾಂಶ ಕೇಳುವುದನ್ನು ಬಿಟ್ಟೆ, ಅವನು ಹೇಳುವುದನ್ನು ಬಿಟ್ಟ. ತಂದೆಯ ಆಫೀಸಿನಲ್ಲಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡತೊಡಗಿದ. ಎದುರಿನ ಮೇಜು ಖಾಲಿಯೇ ಇತ್ತು. ತಂದೆಗೆ ಒಂದು ಸಲವೂ ಬೇಸರ ಬರಲಿಲ್ಲ. ಅವನ ಮದುವೆಯ ಮಾತು ಎರಡು ಸಲ ಬಂದು, ಪಾಸಾದ ಮೇಲೆ ನೋಡೋಣ ಎಂದು ನಿಂತಿತು. ಅವನು ಮತ್ತೆಂದೂ ಕೋಣೆಯಲ್ಲಿ ಕೂತು ಬಾಗಿಲು ಹಾಕಿಕೊಳ್ಳಲಿಲ್ಲ. ಅದನ್ನು ನೋಡಿ ಅವನ ತಾಯಿ ನನಗೆ, "ನೀನು ಕರ್ಕೊಂಡ್ ಹೋಗಿದ್ದಕ್ಕೇ ಹುಡುಗ ಉಳ್ಕೊಂಡ" ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು.

ಕೆಲವು ವರ್ಷಗಳ ನಂತರ, ಎರಡು ಸಾವಿರದ ದಶಕದ ನಡುವಿನಲ್ಲಿ, ಅವನಿಗೆ ಪರೀಕ್ಷಾ ಕೇಂದ್ರ ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಬಿದ್ದಿತ್ತು. ನನಗೆ ರಜೆ. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದು ಹೋದೆ. ಹೊತ್ತಿಗೆ ಮೊದಲೇ ತಲುಪಿ ಹತ್ತಿರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದೆವು. ಅವನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅಷ್ಟು ವರ್ಷ ಎತ್ತದ ಮಾತನ್ನು ನಾನು ಯಾಕೋ ಆಗ ಎತ್ತಿದೆ.

"ಅವತ್ತು ನಿಮ್ಮಮ್ಮ ಗೇಟು ತೆಗೆದಿದ್ರೆ ಹೇಳ್ಬಿಡ್ತಿದ್ಯಾ?"

"ಏನ್ ಹೇಳೋದು?"

"ಬರೆಯಲ್ಲ ಅಂತ. ಮೈಸೂರಿಂದ ಅದಕ್ಕೇ ತಾನೆ ಬಂದಿದ್ದು. ಮರದ ಕೆಳಗೆ ನಿಂತ್ಕೊಂಡು ತಾಲೀಮು ಮಾಡ್ಲಿಲ್ವಾ, ನಾನು ನಿಮ್ಮಪ್ಪ ಆಗಿ?"

ಅವನು ನಿಜವಾಗಿಯೂ ಯೋಚಿಸಿದ. ಅವನ ಮುಖದಲ್ಲಿ ಮರೆಮಾಚುವ ಯಾವ ಚಿಹ್ನೆಯೂ ಇರಲಿಲ್ಲ. "ಇಲ್ವಲ್ಲೋ. ನಿನ್ ತೊಡೆ ಸುಲಿದುಹೋಗಿತ್ತು, ಮನೆಗೆ ಹೋಗೋಣ ಅಂತ ನೀನೇ ಅಳ್ತಿದ್ದೆ. ಅದಕ್ಕೇ ಒಂದ್ ದಿನ ಮೊದಲೇ ಬಂದ್ವಿ. ಮೇಷ್ಟ್ರೇ, ಕಥೆ ಕಟ್ಬೇಡಿ." ಲೋಟವನ್ನು ಕೆಳಗಿಟ್ಟು ನನ್ನ ಬೆನ್ನಿಗೊಂದು ಗುದ್ದಿದ.

ಅಲ್ಲಿದ್ದವರು ನಾವಿಬ್ಬರೇ. ಒಬ್ಬ ಇಲ್ಲವೆಂದ ಮೇಲೆ ಇನ್ನೊಬ್ಬನ ಮಾತಿಗೆ ಏನು ಬೆಲೆ? ಅವನು ಒಂದೇ ಒಂದು ಸಲ ಬೇಡವೆಂದಿದ್ದ ಎನ್ನುವುದು ಈಗ ನನ್ನ ತಲೆಯೊಳಗೆ ಮಾತ್ರ ಇದೆ. ನನ್ನ ತಲೆಯನ್ನು ನಾನೇ ಅಷ್ಟಾಗಿ ನಂಬುವವನಲ್ಲ.

ಕಾಲೇಜಿನ ಮೆಟ್ಟಿಲ ಹತ್ತಿರ ಹುಡುಗ ಹುಡುಗಿಯರು ಪುಸ್ತಕ ತಿರುವುತ್ತ ನಿಂತಿದ್ದರು. ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು ನೇರವಾಗಿ ಅವನ ಬಳಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ನರೆತ ಕೂದಲು ನೋಡಿ ಪರೀಕ್ಷೆಯ ಮೇಲ್ವಿಚಾರಕರೆಂದುಕೊಂಡಿರಬೇಕು.

"ಸರ್, ಇವಳಿಗೆ ಇದೇ ಮೊದಲ ಸಲ. ಕ್ಯಾಲ್ಕುಲೇಟರು ಒಳಗೆ ಬಿಡ್ತೀರಾ ಸರ್?"

ನಾನು ಬಾಯಿ ತೆರೆಯುವುದರೊಳಗೆ ಅವನೇ ಮಾತಾಡಿದ. "ಬಿಡ್ತಾರಮ್ಮ. ಫೋನ್ ಮಾತ್ರ ಹೊರಗೆ ಇಟ್ಟು ಹೋಗ್ಬೇಕು. ಹದಿನೈದು ನಿಮಿಷ ಮೊದಲೇ ಒಳಗೆ ಬಿಡ್ತಾರೆ" ಎಂದ. ಆ ಹುಡುಗಿಯ ಕಡೆ ತಿರುಗಿ, "ಹೆದರ್ಬೇಡ. ಗೊತ್ತಿರೋ ಪ್ರಶ್ನೆ ಮೊದಲು ಬರಿ" ಎಂದ. ಹುಡುಗಿ, ಥ್ಯಾಂಕ್ಸ್ ಸರ್ ಎಂದಳು.

ಗಂಟೆ ಹೊಡೆಯಿತು. ಅವನು ಅವಳನ್ನು ಮುಂದೆ ಬಿಟ್ಟು, ಜೇಬಿನಿಂದ ಹಾಲ್ ಟಿಕೆಟ್ ತೆಗೆದು, ಅವಳ ಹಿಂದೆಯೇ ಮೆಟ್ಟಿಲು ಹತ್ತಿದ. ಕೆಳಗೆ ನಿಂತಿದ್ದ ಹುಡುಗಿಯ ತಾಯಿ ಅವನ ಕೈಲಿದ್ದ ಹಾಲ್ ಟಿಕೆಟ್ ನೋಡಿ ನನ್ನ ಕಡೆ ತಿರುಗಿದರು.